ಕೂಸಿಗೆ ಮನೆ ನೋಡಿದ ಅವರೆಕಾಲ

ಹೆಲ್ಮೆಟ್ಟಿನ ಒಳಕ್ಕೂ ನುಗ್ಗುವ ವಾಸನೆ ಅಂದರೆ ಅವರೆಕಾಯಿಯ ಸೊಗಡು ಒಂದೇ. ಮೊನ್ನೆ ಬೆಳಗ್ಗೆ ದೊಡ್ಡಬಳ್ಳಾಪುರದ ಮಾರ್ಕೆಟ್ಟಿನ ಮುಂದೆ ಹೋಗುವಾಗ ಮೂಗಿಗೆ ಬಡಿಯಿತು. ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಕಾಯಿ ಸುರಿದಿದ್ದರು, ಇಬ್ಬನಿ ಇನ್ನೂ ಆರಿರಲಿಲ್ಲ. ಬೈಕು ನಿಲ್ಲಿಸಿದೆ. ಈ ವಾಸನೆಗೆ ನಮ್ಮ ಕಡೆಯವರಿಗೆಲ್ಲ ಹಿದುಕವರೆ ಸಾರು, ಅಕ್ಕಿ ರೊಟ್ಟಿ ನೆನಪಾಗುತ್ತವೆ. ನನಗೆ ಒಂದು ನಾಯಿಮರಿ ನೆನಪಾಗುತ್ತದೆ, ಅದರ ಹಿಂದೆಯೇ ನಮ್ಮತ್ತೆ.

ಅದು ನನ್ನ ಹೆಂಡತಿ ಮಂಜುಳಾ ತೀರಿಹೋದ ವರ್ಷದ ಅವರೆಕಾಲ.

ನಾನು ಕರೆಂಟಿನ ಮೀಟರ್ ಓದುವವನು. ಸಾಸಲು ಹೋಬಳಿಯ ಹಳ್ಳಿಗಳಲ್ಲಿ ತಿಂಗಳಿಗೊಮ್ಮೆ ಎಲ್ಲ ಮನೆಯ ಬಾಗಿಲಿಗೂ ಹೋಗಿ, ಮೀಟರ್ ನೋಡಿ, ಕೈಯಲ್ಲಿನ ಮಷಿನ್ನಿನಿಂದ ಬಿಲ್ಲು ಹರಿದು ಕೊಟ್ಟು ಬರುವುದು ಕೆಲಸ. ನಾಯಿಗೂ ಮೀಟರ್ ರೀಡರಿಗೂ ಎಣ್ಣೆ ಸೀಗೇಕಾಯಿ. ಯಾವ ಮನೆಯ ನಾಯಿ ಬೊಗಳಿ ಸುಮ್ಮನಾಗುತ್ತದೆ, ಯಾವುದು ಬೊಗಳದೆ ಹಿಂದಿನಿಂದ ಬಂದು ಹಿಡಿಯುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಎಡಗಾಲಿನ ಮೀನಖಂಡದ ಮೇಲೆ ಗುರುತೂ ಇದೆ. ಅಂಥವನ ಮನೆಗೆ ಮಂಜುಳಾ ಒಂದು ಸಂಜೆ ಊಟದ ಬ್ಯಾಗಿನಲ್ಲಿ ನಾಯಿಮರಿ ಇಟ್ಟುಕೊಂಡು ಬಂದಳು. ಅವಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಫ್ಯಾಕ್ಟರಿಯ ಗೇಟಿನಾಚೆ ತಾಯಿನಾಯಿ ಲಾರಿಗೆ ಸಿಕ್ಕಿತ್ತಂತೆ, ಮೋರಿಯೊಳಗೆ ಇದೊಂದು ಮರಿ ಉಳಿದು ಕುಂಯ್‌ಗುಡುತ್ತಿತ್ತಂತೆ. ಕಂದು ಮೈ, ಕರಿ ಮೂತಿ, ಕಿವಿಯ ಸಂದಿಯಲ್ಲೆಲ್ಲ ಉಣ್ಣೆಹುಳ.

"ಇದನ್ನ ಏನ್ ಮಾಡ್ತೀಯ?" ಎಂದೆ.

"ಒಳ್ಳೆ ಮನೆ ಸಿಗೋವರ್ಗೂ ಅಷ್ಟೇ ಕಣ್ರೀ. ಹೆಸ್ರು ಕೂಡ ಇಡಲ್ಲ. ಹೆಸ್ರಿಟ್ರೆ ಆಮೇಲೆ ಕಳ್ಸೋಕಾಗಲ್ಲ."

ಹೆಸರಿಡಲಿಲ್ಲ, ಕೂಸು ಎಂದು ಕರೆದಳು. ನಮಗೆ ಮಕ್ಕಳಿರಲಿಲ್ಲ. ನಾವಿದ್ದದ್ದು ಬಾಡಿಗೆಗೆ, ಮಹಡಿಯ ಮೇಲಿನ ಎರಡು ಕೋಣೆಯಲ್ಲಿ. ಹಗಲೆಲ್ಲ ಇಬ್ಬರೂ ಕೆಲಸಕ್ಕೆ ಹೋಗುವವರು, ಮರಿ ಸಾಕುವ ಮಾತೇ ಇರಲಿಲ್ಲ. ಆದರೆ ಆಗ ದೀಪಾವಳಿಗೆಂದು ಮಂಜುಳಾಳ ತಾಯಿ ತುಮಕೂರಿನ ಮಗನ ಮನೆಯಿಂದ ಬಂದಿದ್ದರು. ಗೌರಮ್ಮ ಎಂದು ಅವರ ಹೆಸರು. ಮರಿ ಬಂದ ದಿನವೇ ಅವರ ಸೆರಗಿನೊಳಗೆ ಸೇರಿಕೊಂಡಿತು.

ಹಬ್ಬ ಕಳೆದ ಮೇಲೆ ಮಂಜುಳಾಗೆ ಜ್ವರ ಬಂತು. ಡೆಂಗಿ ಎಂದರು. ಇಲ್ಲಿಯ ಆಸ್ಪತ್ರೆಯಿಂದ ಬೆಂಗಳೂರಿಗೆ ಕರೆದೊಯ್ದೆವು. ಅವಳು ಕೊನೆಯದಾಗಿ ನೆಟ್ಟಗೆ ಮಾತಾಡಿದ್ದು ತಾಯಿಯ ಹತ್ತಿರ. "ಅಮ್ಮಾ, ಕೂಸನ್ನ ಬೀದಿಗೆ ಬಿಡ್ಬೇಡ. ಮನೆ ನೋಡಿ ಕೊಡು." ಹಾಗೆಂದು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಆಮೇಲೆ ಅವಳಿಗೆ ಜ್ಞಾನ ಬರಲಿಲ್ಲ.

ನನಗೆ ಅಳು ಬರಲಿಲ್ಲ. ಊರಿನಲ್ಲಿ ಮಣ್ಣು ಮಾಡುವಾಗ ಹಿರಿಯರೊಬ್ಬರು ಬೆನ್ನು ತಟ್ಟಿ, "ಅತ್ತ್ಬಿಡಪ್ಪಾ, ಒಳಗಿಟ್ಕೋಬಾರ್ದು" ಎಂದರು. ಒಳಗೆ ಏನೂ ಇರಲಿಲ್ಲ. ಕರೆಂಟು ಕಿತ್ತ ಮನೆಯ ಮೀಟರಿನ ಹಾಗೆ ನಿಂತುಬಿಟ್ಟಿದ್ದೆ. ಹಸಿವಾದರೆ ಉಂಡೆ, ಕರೆದರೆ ಹೋದೆ, ಕೆಲಸಕ್ಕೆ ಬಾ ಎಂದಾಗ ಮಷಿನ್ ಹೆಗಲಿಗೆ ಹಾಕಿಕೊಂಡು ಹೊರಟೆ. ಕಲ್ಲು ಮನಸ್ಸಿನವನು ಎಂದು ನಮ್ಮ ಕಡೆಯವರೇ ಆಡಿಕೊಂಡರಂತೆ. ಅದೂ ನೋಯಿಸಲಿಲ್ಲ.

ಕಷ್ಟವಾದದ್ದು ಮನೆಯೊಳಗಿನ ಮಾತು. ನಮ್ಮಲ್ಲಿ ಅತ್ತೆ ಅಳಿಯ ಎದುರೆದುರು ಕೂತು ಮಾತಾಡುವ ರೂಢಿಯಿಲ್ಲ. ನಮ್ಮ ಮದುವೆಯಾಗಿ ಅಷ್ಟು ವರ್ಷವಾದರೂ ಗೌರಮ್ಮನವರು ನನ್ನ ಮುಂದೆ ಕುರ್ಚಿಯ ಮೇಲೆ ಕೂತವರಲ್ಲ, ನನ್ನ ಊಟ ಆಗದೆ ಉಂಡವರಲ್ಲ. ಏನಿದ್ದರೂ ಮಗಳ ಮೂಲಕ. "ಮಂಜೂ, ಅವರಿಗೆ ಇನ್ನೊಂದು ಮುದ್ದೆ ಇಕ್ಕು" ಎಂದು ಅವರು, "ನಿಮ್ಮಮ್ಮಂಗೆ ಮಾತ್ರೆ ಮುಗೀತೇನೋ ಕೇಳು" ಎಂದು ನಾನು. ಮೂವರೂ ಒಂದೇ ಕೋಣೆಯಲ್ಲಿದ್ದರೂ ಮಾತು ಅವಳನ್ನು ಸುತ್ತಿಕೊಂಡೇ ಹೋಗಬೇಕು. ಈಗ ಮಧ್ಯದವಳು ಇಲ್ಲ. ಕೆಲವು ದಿನ ಇಬ್ಬರೂ ಮೂಕರ ಹಾಗೆ ಇದ್ದೆವು. ಆಮೇಲೆ ಒಂದು ಮಧ್ಯಾಹ್ನ ಅಡುಗೆಮನೆಯಿಂದ ಅತ್ತೆಯ ದನಿ ಕೇಳಿಸಿತು.

"ಏ ಕೂಸೇ, ಅವರಿಗೆ ಹೇಳು, ಊಟ ಆರೋಗ್ತೈತೆ ಅಂತ."

ಮರಿ ಬಾಗಿಲಲ್ಲಿ ಕೂತು ನನ್ನ ಕಡೆ ನೋಡಿತು. "ಬಂದೆ ಅಂತ ಹೇಳು" ಎಂದು ನಾನು ಮರಿಗೆ ಹೇಳಿದೆ. ಅಂದಿನಿಂದ ನಮ್ಮ ಮನೆಯ ಮಾತೆಲ್ಲ ಆ ಮರಿಯ ಮೇಲೆ ಬಿತ್ತು. ಹಾಲು ತರುವುದು, ಗ್ಯಾಸ್ ಮುಗಿದದ್ದು, ತಿಥಿಗೆ ಯಾರನ್ನು ಕರೆಯುವುದು, ಎಲ್ಲವನ್ನೂ ಅದಕ್ಕೇ ಹೇಳಿದೆವು. ಪಾಪ, ಅದು ಎರಡೂ ಕಡೆ ಬಾಲ ಅಲ್ಲಾಡಿಸುತ್ತಿತ್ತು.

ತಿಥಿ ಮುಗಿದ ಮಾರನೆಯ ದಿನ ನನ್ನ ಭಾಮೈದ ಶಿವಣ್ಣ ತಾಯಿಯ ಬ್ಯಾಗು ತೆಗೆದು ಬಾಗಿಲಲ್ಲಿಟ್ಟ. ಅದು ಸರಿಯೇ. ಮಗಳಿಲ್ಲದ ಮೇಲೆ ಅಳಿಯನ ಮನೆಯಲ್ಲಿ ಅತ್ತೆಗೇನು ಕೆಲಸ? ಆದರೆ ಅತ್ತೆ ಎದ್ದೇಳಲಿಲ್ಲ. "ಅವಳು ಒಂದು ಮಾತು ಹೇಳಿ ಹೋಗವ್ಳೆ ಕಣೋ. ಈ ಮರಿಗೆ ಒಂದು ಮನೆ ನೋಡಿ, ಆಮೇಲೆ ಬರ್ತೀನಿ" ಎಂದರು. ಶಿವಣ್ಣ ನನ್ನ ಮುಖ ನೋಡಿದ. ನಾನು ಗೋಡೆ ನೋಡುತ್ತಿದ್ದೆ, ಆದರೆ ಆ ಮಾತು ಕೇಳಿ ನನಗೆ ಉಸಿರು ಬಂದಂತಾಗಿತ್ತು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುವವರೆಗೂ ಮಂಜುಳಾ ಎಲ್ಲೋ ಅಂಗಡಿಗೆ ಹೋಗಿದ್ದಾಳೆ, ಬರುತ್ತಾಳೆ ಅನ್ನಿಸುತ್ತಿತ್ತು. ಅವರು ಹೊರಟುಹೋದರೆ ಆ ಮನೆಯಲ್ಲಿ ನಾನೊಬ್ಬನೇ, ಅವಳು ಸತ್ತಿರುವುದು ನಿಜ. ನನಗೆ ಭಯವಿದ್ದದ್ದು ಅದೊಂದಕ್ಕೇ. ಮರಿಗೆ ಮನೆ ಸಿಗುವ ತನಕ ಅತ್ತೆ ಇರುತ್ತಾರೆ. ಸಿಕ್ಕ ದಿನ ಹೋಗುತ್ತಾರೆ.

ಅಷ್ಟರಲ್ಲಿ ಅವರೆ ಬಂತು. ಹಳ್ಳಿಯ ಮನೆಗಳಲ್ಲಿ ಮೀಟರ್ ನೋಡಿ ಹೊರಡುವಾಗ, "ತಗೋ ಸ್ವಾಮಿ, ಹೊಲದ್ದು" ಎಂದು ಕಾಯಿ ಕೊಡುವುದು ಮೊದಲಿಂದಲೂ ಇತ್ತು. ಆ ವರ್ಷ ವಿಷಯ ತಿಳಿದವರು ಮಾತಾಡಲು ತೋಚದೆ ಇನ್ನೆರಡು ಹಿಡಿ ಹೆಚ್ಚಿಗೆ ಸುರಿದರು. ಅತ್ತೆ ಕಾಳು ಬಿಡಿಸಿ ನೀರಲ್ಲಿ ನೆನೆಹಾಕುತ್ತಿದ್ದರು. ಸಂಜೆ ನಾನು ಕೋಣೆಯ ಈ ಬಾಗಿಲಲ್ಲಿ, ಅವರು ಆ ಬಾಗಿಲಲ್ಲಿ ಕೂತು ಹಿದುಕುವುದು. ನೆನೆದ ಕಾಳನ್ನು ಬೆರಳ ತುದಿಯಲ್ಲಿ ಹಿಸುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಹಾರುತ್ತದೆ. ಹಾರಿದ್ದರ ಹಿಂದೆ ಮರಿ ಓಡುತ್ತಿತ್ತು. ಟಿವಿ ಹಾಕುತ್ತಿರಲಿಲ್ಲ. ಏನೂ ಯೋಚಿಸದೆ ಮಾಡಬಹುದಾದ ಕೆಲಸ ಅದು, ನನಗೆ ಅಷ್ಟೇ ಬೇಕಾಗಿತ್ತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಹೆಣ್ಣು ನಾಯಿಮರಿಗೆ ಮನೆ ಹುಡುಕಿ ನೋಡು ಎಂದು ಯಾಕೆ ಸೇರಿಸಲಿಲ್ಲವೋ ಗೊತ್ತಿಲ್ಲ. ಕೇಳಿದವರೆಲ್ಲ ಮೊದಲು ಅದನ್ನು ಮಗುಚಿ ಹೊಟ್ಟೆ ನೋಡುವರು. "ಅಯ್ಯೋ, ಹೆಣ್ಣಾ? ವರ್ಷಕ್ಕೊಂದು ಸಲ ಬಾಣಂತನ ಮಾಡೋರ್ಯಾರು?" ಆಪರೇಷನ್ ಮಾಡಿಸಿಕೊಡುತ್ತೇವೆ ಎಂದರೂ ತಲೆ ಅಲ್ಲಾಡಿಸುವರು. ಗಂಡು ಹೆಣ್ಣು ಯಾವುದಾದರೂ ಪರವಾಗಿಲ್ಲ ಎಂದವರು ಕಾಲು ಹಿಡಿದು ಉಗುರು ಎಣಿಸುವರು. ಒಂದು ಊರಿನಲ್ಲಿ ಇಪ್ಪತ್ತು ಉಗುರಿನ ನಾಯಿ ಮನೆಗೆ ಆಗಿಬರುವುದಿಲ್ಲ ಎಂದು ವಾಪಸು ಕೊಟ್ಟರು. ಪಕ್ಕದ ಊರಿನಲ್ಲಿ ಇಪ್ಪತ್ತಿದ್ದರೆ ಬಲು ಒಳ್ಳೆಯದು, ಆದರೆ ಮೂತಿ ಕರಿ ಇರಬಾರದಿತ್ತು ಎಂದರು.

ಇವರಿಗಿಂತ ಬಿಗಿ ನಮ್ಮತ್ತೆ. ಅವರಿಗೆ ಮರಿ ಕೊಡುವುದು ಹೆಣ್ಣು ಕೊಡುವುದಕ್ಕಿಂತ ಕಡಿಮೆಯ ಕೆಲಸವಾಗಿರಲಿಲ್ಲ. ಹೆಣ್ಣು ಕೊಡುವ ಮುಂಚೆ ಹುಡುಗನ ಮನೆ ನೋಡಲು ಹಿರಿಯರು ಹೋಗುತ್ತಾರಲ್ಲ, ಹಾಗೆ ಭಾನುವಾರ ಭಾನುವಾರ ಹೊರಟೆವು. ಹೆಂಗಸರಿಗೆ ಫ್ರೀ ಬಸ್ಸು, ಅತ್ತೆ ಆಧಾರ್ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಮರಿ ಪ್ಲಾಸ್ಟಿಕ್ ಬುಟ್ಟಿಯಲ್ಲಿ, ಮೇಲೊಂದು ಟವಲು. ಹೋದ ಮನೆಯಲ್ಲಿ ಅತ್ತೆ ಮೊದಲು ದನದ ಪಕ್ಕೆಲುಬು ನೋಡುವರು, ಆಮೇಲೆ ನೀರಿನ ತೊಟ್ಟಿ, ಆಮೇಲೆ ಸೊಸೆಯ ಮುಖ. ಮಾತುಕತೆ ಇತ್ಯರ್ಥ ಆಗುವವರೆಗೆ ಆ ಮನೆಯಲ್ಲಿ ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಹೆಣ್ಣು ಕೊಡುವವರು ಕುಡಿಯಬಾರದು, ಕುಡಿದರೆ ಒಪ್ಪಿದ ಹಾಗೆ. "ಬಿಸಿಲಲ್ಲಿ ಬಂದಿದೀರಾ, ಮಜ್ಜಿಗೆನಾದ್ರೂ ಕುಡೀರಮ್ಮಾ" ಎಂದರೆ, "ಈಗ ತಾನೆ ಕುಡ್ಕೊಂಡ್ ಬಂದ್ವಿ" ಎಂದು ಒಣಗಿದ ಬಾಯಲ್ಲೇ ಹೇಳುವರು.

ಮೊದಲು ಹೋದದ್ದು ತ್ಯಾಮಗೊಂಡ್ಲು ಹತ್ತಿರದ ಒಂದು ತೆಂಗಿನ ತೋಟಕ್ಕೆ. ನನ್ನ ಜೊತೆ ಕೆಲಸ ಮಾಡುವವನ ಅಕ್ಕನ ಮನೆ. ದನಗಳು ಮೈತುಂಬಿಕೊಂಡಿದ್ದವು, ಮಕ್ಕಳು ಬುಟ್ಟಿ ಬಿಚ್ಚುವ ಮೊದಲೇ ಕೈ ಹಾಕಿದವು, ಹೆಣ್ಣು ಗಂಡು ಎಂದು ಯಾರೂ ಕೇಳಲಿಲ್ಲ. ಅತ್ತೆ ಇನ್ನೇನು ನೀರು ಕೇಳುತ್ತಾರೆ ಎಂದು ನನಗೆ ಗೊತ್ತಾಯಿತು. ನಾನು ಬುಟ್ಟಿಗೆ ಬಗ್ಗಿ ಮರಿಗೆ ಹೇಳಿದೆ: "ಆ ಬಾವಿ ನೋಡ್ದ್ಯಾ? ಕಟ್ಟೇನೇ ಇಲ್ಲ. ಬಿದ್ದುಗಿದ್ದೀಯ." ಬಾವಿಗೆ ಕಟ್ಟೆ ಇತ್ತು. ಒಂದು ಮೂಲೆ ಒಡೆದಿತ್ತು, ಅಷ್ಟೇ. ಅತ್ತೆ ಬಾವಿಯ ಕಡೆ ಒಮ್ಮೆ ನೋಡಿ, "ಹೂಂ ಕಣೇ ಕೂಸೇ, ನಮಗ್ಯಾಕೆ ಬಾವಿ ಸಹವಾಸ" ಎಂದು ಎದ್ದರು. ಮಕ್ಕಳು ಬಸ್ ಸ್ಟಾಪಿನವರೆಗೂ ಹಿಂದೆ ಬಂದವು.

ಎರಡನೆಯದು ದೇವನಹಳ್ಳಿ ಕಡೆ, ಚನ್ನರಾಯಪಟ್ಟಣ ಹೋಬಳಿಯಲ್ಲಿ. ರೇಷ್ಮೆಹುಳು ಸಾಕುವ ಮನೆ, ಹಿಪ್ಪುನೇರಳೆ ತೋಟದ ನಡುವೆ. ಆ ಮನೆ ಅತ್ತೆಗೆ ನಿಜವಾಗಿಯೂ ಮನಸ್ಸಿಗೆ ಬಂತು. ಆದರೆ ಮನೆಯ ಯಜಮಾನ ಬುಟ್ಟಿ ಕಂಡವನೇ ಮೂಗರಳಿಸಿ, "ಇದ್ಕೇನು ಹಾಕಿದೀರಾ?" ಎಂದ. ಉಣ್ಣೆ ಸಾಯಲಿ ಎಂದು ನಾನು ಅಂದು ಬೆಳಗ್ಗೆಯೇ ಮೆಡಿಕಲ್ ಶಾಪಿನ ಪುಡಿ ಉಜ್ಜಿದ್ದೆ. "ಅಲ್ಲೇ ನಿಂತ್ಕೊಳ್ಳಿ ಸ್ವಾಮಿ, ಒಳಕ್ಕೆ ಬರ್ಬೇಡಿ! ಆ ಪುಡಿ ಗಾಳಿ ಸೋಕಿದ್ರೆ ನಮ್ ಹುಳ ಒಂದೂ ಉಳಿಯಲ್ಲ" ಎಂದು ಅಂಗಳದ ಆಚೆಯೇ ತಡೆದ. ಬೇಲಿಯಾಚೆ ನಿಂತೇ ಮಾತಾಡಿದ. ತೊಳೆದು ಇನ್ನೊಮ್ಮೆ ತರುತ್ತೇವೆ ಎಂದು ಅತ್ತೆ ಕೇಳಿಕೊಂಡಾಗ ಅವನ ಮುಖ ಮೆತ್ತಗಾಯಿತು. "ಹುಳದ ಮಾತು ಬಿಡಿ ತಾಯಿ. ಈ ಜಮೀನು ಸರ್ಕಾರದ ಪಾಲಾಗ್ತದೆ ಅಂತಾರೆ ಒಬ್ರು, ಉಳೀತದೆ ಅಂತಾರೆ ಇನ್ನೊಬ್ರು. ಧರಣಿ ಕೂತು ಕೂತು ಸಾಕಾಯ್ತು. ನಾವೇ ಎಲ್ಲಿರ್ತೀವೋ ಗೊತ್ತಿಲ್ದೆ ನಾಯಿ ಕಟ್ಕೊಂಡು ಏನ್ಮಾಡ್ಲಿ?" ಎಂದ. ಬಸ್ಸಿನಲ್ಲಿ ಅತ್ತೆ ಯಾರ ಹತ್ತಿರವೂ ಮಾತಾಡಲಿಲ್ಲ, ಮರಿಯ ಹತ್ತಿರವೂ.

ಹೀಗೆ ಭಾನುವಾರಗಳು ಕಳೆದವು. ಒಂದು ಕಡೆ ಹಗಲೂ ಸರಪಳಿ ಕಟ್ಟುತ್ತಾರೆ, ಒಂದು ಕಡೆ ಕೋಳಿ ಫಾರಮ್ಮಿನ ಕಾವಲಿಗೆ ಬೇಕು. ಕೆಲವನ್ನು ಅತ್ತೆ ಬೇಡವೆಂದರು, ಕೆಲವಕ್ಕೆ ನಾನು ಹುಳುಕು ಹುಡುಕಿದೆ. ಕೆಳಗಿನ ಮನೆಯ ಓನರು ಮೆಟ್ಟಿಲ ಹತ್ತಿರ ಅಡ್ಡಹಾಕಿ, "ಸಾವಿನ ಮನೆ ಅಂತ ಸುಮ್ನಿದೀನಿ. ಸಂಕ್ರಾಂತಿ ಆದ್ಮೇಲೆ ಆ ಮರಿ ಇಲ್ಲಿರೋ ಹಾಗಿಲ್ಲ" ಎಂದರು. ಶಿವಣ್ಣನೂ ಫೋನು ಮಾಡಿ ಹಬ್ಬಕ್ಕೆ ತಾಯಿಯನ್ನು ಕಳಿಸಲೇಬೇಕೆಂದ. ಮರಿಗೆ ಈಗ ಬುಟ್ಟಿ ಬಿಗಿಯಾಗುತ್ತಿತ್ತು.

ಸಾಸಲಿನಾಚೆ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ನಂಜುಂಡಣ್ಣ ಎಂದು ಸೆಕ್ರೆಟರಿ. ಹಾಲು ಅಳೆಯುವುದು ಹೊಟ್ಟೆಪಾಡಿಗೆ, ಸಂಬಂಧ ಕೂಡಿಸುವುದು ಖುಷಿಗೆ. ಸುತ್ತಲಿನ ಹಳ್ಳಿಗಳಲ್ಲಿ ಅವನು ಕುದುರಿಸಿದ ಮದುವೆ ಇಲ್ಲದ ಬೀದಿಯಿಲ್ಲ. ಡೇರಿಯ ಮೀಟರ್ ಓದಲು ಹೋದಾಗ ಅವನಿಗೂ ಮರಿಯ ವಿಷಯ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಲ್ಲಾ ಮನೇನೂ ನೀವೇ ಹೋಗಿ ನೋಡ್ತಿ‌ದೀರಾ?"

"ಹೂಂ ಅಣ್ಣ. ನಮ್ಮತ್ತೇನೂ ಬರ್ತಾರೆ. ಅವರು ಒಪ್ಪಿದ್ರೇನೇ."

"ಅತ್ತೇನೇ ಮುಂದೆ ನಿಂತ್ಕೊಂಡವ್ರಾ? ದೊಡ್ಡ ಮನಸ್ಸು ಬಿಡು ಗುರು" ಎಂದು ನನ್ನ ಭುಜ ಒತ್ತಿದ. "ನಮ್ಮೂರಲ್ಲೇ ಒಂದು ಒಳ್ಳೆ ಮನೆ ಐತೆ. ಭಾನ್ವಾರ ಕರ್ಕೊಂಡ್ ಬಾ. ನಾನು ಮಾತಾಡಿರ್ತೀನಿ."

ಸಂಕ್ರಾಂತಿಗೆ ಮುಂಚಿನ ಭಾನುವಾರ ಹೋದೆವು. ಆ ಮನೆಯ ಮುಂದೆ ಸಗಣಿ ಸಾರಿಸಿ ದೊಡ್ಡ ರಂಗೋಲಿ ಬಿಟ್ಟಿದ್ದರು. ಒಳಗೆ ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ ಕುರ್ಚಿ, ಅಕ್ಕಪಕ್ಕದ ಮನೆಗಳಿಂದ ತಂದವು. ತಟ್ಟೆಯಲ್ಲಿ ಬಾಳೆಹಣ್ಣು, ಖಾರಾಬೂಂದಿ, ಮೈಸೂರುಪಾಕು. ಮನೆಯ ಯಜಮಾನ ರಾಮಣ್ಣ ಇಸ್ತ್ರಿ ಮಾಡಿದ ಷರಟು ಹಾಕಿ ಬಾಗಿಲಲ್ಲೇ ಕೈಮುಗಿದ. ಮರಿಗೆ ಇಷ್ಟು ಮರ್ಯಾದೆಯೇ ಎಂದು ನನಗೆ ಸೋಜಿಗವಾಯಿತು, ಆದರೆ ಆ ದಿನಗಳಲ್ಲಿ ಯಾವ ಸೋಜಿಗವೂ ನನ್ನಲ್ಲಿ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಅತ್ತೆ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಚಾಪೆಯ ಮೇಲೆ ಕೂತರು. ನಂಜುಂಡಣ್ಣ ನಡುವೆ ಕೂತು ಹಲ್ಲು ಬಿಡುತ್ತಿದ್ದ.

"ಪರ್ಮನೆಂಟ್ ಆಗೈತಾ ಕೆಲ್ಸ, ಇಲ್ಲ ಕಾಂಟ್ರಾಕ್ಟಾ?" ಎಂದ ರಾಮಣ್ಣ.

"ಕಾಂಟ್ರಾಕ್ಟು" ಎಂದೆ. ನಾಯಿಮರಿ ತೆಗೆದುಕೊಳ್ಳುವವರಿಗೆ ಅದು ಯಾಕೆ ಬೇಕು ಎಂದು ಹೊಳೆಯಲಿಲ್ಲ.

"ಮಕ್ಳು ಮರಿ ಯಾರೂ ಇಲ್ಲ ಅಂದ ನಂಜುಂಡಣ್ಣ. ಪಾಪ, ಮನೇಲಿ ದೀಪ ಹಚ್ಚೋರು ಬೇಕೇ ಬೇಕಲ್ಲಾ."

ಅತ್ತೆಯ ಬೆನ್ನು ನೆಟ್ಟಗಾದದ್ದು ನನಗೆ ಕಾಣಿಸಿತು. ನನಗಿಂತ ಮೊದಲು ಅವರಿಗೆ ತಿಳಿದಿತ್ತು. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹೆಂಗಸು ತಟ್ಟೆಯಲ್ಲಿ ಕಾಫಿ ಲೋಟ ಇಟ್ಟುಕೊಂಡು ಬಂದಳು. ರಾಮಣ್ಣನ ತಂಗಿ ಎಂದು ಆಮೇಲೆ ತಿಳಿಯಿತು. ಮೂವತ್ತು ದಾಟಿದ ವಯಸ್ಸು, ರೇಷ್ಮೆ ಸೀರೆ, ಹೆರಳಿಗೆ ಕನಕಾಂಬರ. ತಲೆ ಬಗ್ಗಿಸಿ ಬಂದವಳು ನನ್ನ ಮುಂದೆ ತಟ್ಟೆ ಹಿಡಿದು ನಿಂತಳು. ಅಡುಗೆಮನೆಯ ಬಾಗಿಲಲ್ಲಿ ಮೂರ್ನಾಲ್ಕು ಹೆಂಗಸರ ಮುಖ ಇಣುಕಿದವು. ಆಗ ನನ್ನ ತಲೆಗೆ ಹೋಯಿತು. ಇವರು ನನಗೆ ಹೆಣ್ಣು ತೋರಿಸುತ್ತಿದ್ದಾರೆ. ಆ ಲೋಟ ತೆಗೆದುಕೊಳ್ಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಬುಟ್ಟಿಯೊಳಗಿನಿಂದ ಮರಿ ಕುಂಯ್ ಎಂದಿತು. ಟವಲು ಸರಿಯಿತು, ಕರಿ ಮೂತಿ ಹೊರಬಂತು. ಆ ಹೆಂಗಸು ತಲೆ ಎತ್ತಿ ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನಂಜುಂಡಣ್ಣನ ಕಡೆ ತಿರುಗಿದಳು.

"ನಿಜವಾಗ್ಲೂ ಮರಿ ಕೊಡೋಕೇ ಬಂದಿದಾರಾ ಇವ್ರು?"

ನಂಜುಂಡಣ್ಣನ ಬಾಯಿ ತೆರೆದೇ ಇತ್ತು. "ಅಲ್ಲ ಕಣಮ್ಮಾ... ಒಂದು ಬೀದಿ ನಾಯಿಮರಿಗೋಸ್ಕರ ಬಸ್ ಹತ್ತಿ ಊರೂರು ಮನೆ ನೋಡೋಕೆ ಯಾರ್ ಹೋಗ್ತಾರೆ? ಅತ್ತೇನೇ ಮುಂದೆ ನಿಂತವ್ರೆ ಅಂದ್ರೆ... ಬಾಯ್ಬಿಟ್ಟು ಹೇಳೋಕೆ ಸಂಕೋಚ, ಮರಿ ಒಂದು ನೆಪ ಅಂತ ತಿಳ್ಕೊಂಡೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು ಅವನು. ರಾಮಣ್ಣನ ಮುಖ ಕಪ್ಪಿಟ್ಟಿತು. ಬಾಗಿಲಲ್ಲಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ತಟ್ಟೆ ಹಿಡಿದವಳು ಹೂ ಮುಡಿದು, ಪಟ್ಟೆ ಉಟ್ಟು, ಊರ ಹೆಂಗಸರ ಮುಂದೆ ನಾಯಿಮರಿಯ ಕಡೆಯವರಿಗೆ ಕಾಫಿ ಹಿಡಿದು ನಿಂತಿದ್ದಳು ಪಾಪ.

ಅತ್ತೆ ಚಾಪೆಯಿಂದ ಎದ್ದರು. ತಟ್ಟೆಯಿಂದ ಒಂದು ಲೋಟ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆ, ನಿಂತೇ ಕುಡಿಯತೊಡಗಿದರು. ಅಷ್ಟು ಮನೆಯಲ್ಲಿ ಒಂದು ಹನಿ ನೀರು ಮುಟ್ಟದವರು ಆ ಬಿಸಿ ಕಾಫಿಯನ್ನು ತಳ ಕಾಣುವವರೆಗೆ ಕುಡಿದು ಲೋಟ ಕೆಳಗಿಟ್ಟರು.

"ನಿನ್ ಹೆಸ್ರೇನು ತಾಯಿ?"

"ಸುಜಾತ."

"ನನ್ ಮಗಳು ಸಾಯೋ ಮುಂದೆ ಈ ಮರಿಗೆ ಮನೆ ನೋಡಿ ಕೊಡು ಅಂದ್ಳು. ಅದಕ್ಕೇ ಊರೂರು ತಿರುಗ್ತಾ ಇದೀನಿ, ಎಲ್ಲೂ ಒಂದ್ ತೊಟ್ಟು ನೀರೂ ಮುಟ್ಲಿಲ್ಲ. ನಿನ್ ಕೈ ಕಾಫಿ ಕುಡಿದಿದೀನಿ. ಇದನ್ನ ನಿನಗೇ ಕೊಡ್ತೀನಿ, ಇಟ್ಕೋತೀಯಾ?"

ಸುಜಾತ ತಟ್ಟೆಯನ್ನು ಕೆಳಗಿಟ್ಟು ಚಾಪೆಯ ಮೇಲೆ ಕೂತಳು. ಅತ್ತೆ ಮರಿಯನ್ನು ಎತ್ತಿ ಅವಳ ಮಡಿಲಿಗೆ ಹಾಕಿದರು. ಅದು ರೇಷ್ಮೆ ಸೀರೆಯ ಸೆರಗು ಕಚ್ಚಿ ಎಳೆಯಿತು. ಅವಳು ಬಿಡಿಸಿಕೊಳ್ಳಲಿಲ್ಲ. "ಅನ್ನ ತಿನ್ನುತ್ತಾ, ಇನ್ನೂ ಹಾಲೇನಾ?" ಎಂದು ಕೇಳಿದಳು. ಅನ್ನ ತಿನ್ನುತ್ತದೆ, ಮೊಸರಾದರೆ ಇನ್ನೂ ಇಷ್ಟ ಎಂದು ಅತ್ತೆ ಹೇಳಿದರು. ಆಮೇಲೆ ಅವಳು ನನ್ನ ಕಡೆ ನೇರವಾಗಿ ನೋಡಿ, ಬಾಗಿಲಿನ ಹೆಂಗಸರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ನೀವು ಮುಜುಗರ ಮಾಡ್ಕೋಬೇಡಿ ಅಣ್ಣ. ಕಾಫಿ ತಗೊಳ್ಳಿ, ಆರೋಗುತ್ತೆ."

ಅಣ್ಣ ಎಂದ ಮೇಲೆ ಇನ್ನೇನಿದೆ? ಅದೊಂದು ಮಾತಿಗೆ ಮನೆಯ ಗಾಳಿಯೇ ಸಡಿಲವಾಯಿತು. ರಾಮಣ್ಣ ಬೆವರು ಒರೆಸಿಕೊಂಡ, ಹೆಂಗಸರು ಮರಿ ನೋಡಲು ಹೊರಬಂದರು, ನಂಜುಂಡಣ್ಣ ಮೈಸೂರುಪಾಕಿಗೆ ಕೈ ಹಾಕಿದ. ಯಾರೂ ಉಗುರು ಎಣಿಸಲಿಲ್ಲ. ನಾನು ಕಾಫಿ ಕುಡಿದೆ. ಅವಳ ಋಣ ನನ್ನ ಮೇಲಿದೆ ಎಂದು ಈಗಲೂ ಅನ್ನಿಸುತ್ತದೆ.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಕೂತೆವು. ಸುತ್ತ ಕಟಾವಾದ ರಾಗಿ ಹೊಲ, ದೂರದಲ್ಲಿ ಮೆದೆ. ಹೇಳಲು ಮಾತಿತ್ತು, ಹೇಳಿಕೊಳ್ಳಲು ಮರಿ ಇರಲಿಲ್ಲ. ಕೊನೆಗೆ ಅತ್ತೆಯೇ ಶುರುಮಾಡಿದರು, ಹೊಲದ ಕಡೆ ನೋಡಿಕೊಂಡು.

"ಒಳ್ಳೆ ಹುಡ್ಗಿ. ಅಣ್ಣ ಅಂದ್ಬಿಟ್ಳು."

ನಾನು ಬುಟ್ಟಿಯ ಟವಲು ಮಡಚಿದೆ.

"ಆ ಬಾವಿ ಕಟ್ಟೆ ನಾನೂ ನೋಡಿದ್ದೆ" ಎಂದರು. "ಆವತ್ತೇ ಕೊಟ್ಬಿಡ್ಬೋದಾಗಿತ್ತು. ನನಗೂ ಮನಸ್ಸು ಬರ್ಲಿಲ್ಲ. ತುಮಕೂರಿಗೆ ಹೋದ್ರೆ ಅವಳಿಲ್ಲ, ಇಲ್ಲಿದ್ರೆ ಅವಳ ಬಟ್ಟೆನಾದ್ರೂ ಐತೆ."

"ಇರಿ ಅತ್ತೆ" ಎಂದೆ. ಅವರಿಗೆ ನಾನು ನೇರವಾಗಿ ಆಡಿದ ಮೊದಲ ಮಾತು ಅದೇ ಇರಬೇಕು. ದನಿ ನನ್ನದೇ ಅನ್ನಿಸಲಿಲ್ಲ. "ಹೋಗ್ಬೇಡಿ. ಇಲ್ಲೇ ಇದ್ಬಿಡಿ."

"ಏನಂತ ಇರ್ಲಿ? ಮಗಳಿದ್ದಿದ್ರೆ ಮಗಳ ಮನೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಇವತ್ತು ಅಲ್ಲಿ ಕೂತಾಗ ಗೊತ್ತಾಯ್ತು. ನಾನು ನಿಮ್ಮ ಮನೇಲಿ ಕೂತಿರೋವರ್ಗೂ ಇನ್ನೊಬ್ಳು ಕೂರೋಕೆ ಜಾಗ ಇರಲ್ಲ. ಜನ ಸುಮ್ನೆ ಅಂದ್ಕೊಳ್ಳಲ್ಲ. ನೀವು ಇನ್ನೂ ಬಾಳ್ಬೇಕು."

"ನನಗೆ ಯಾರೂ ಬೇಡ."

"ಈಗ ಬೇಡ. ಬೇಕು ಅನ್ನಿಸ್ದಾಗ ನನ್ನ ಮುಖ ನೋಡ್ಕೊಂಡು ಬೇಡ ಅಂತೀರಾ. ಅದಕ್ಕೇ ಹೋಗ್ತೀನಿ."

ಅಷ್ಟರಲ್ಲಿ ಬಸ್ಸು ಬಂತು.

ಸಂಕ್ರಾಂತಿಯ ಹಿಂದಿನ ದಿನ ಅವರನ್ನು ತುಮಕೂರಿನ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬ್ಯಾಗಿನಲ್ಲಿ ಮಂಜುಳಾಳ ಎರಡು ಸೀರೆ ಇದ್ದವು, ಕೇಳಿಯೇ ತೆಗೆದುಕೊಂಡಿದ್ದರು. ಡ್ರೈವರ್ ಹತ್ತಿ ಕೂತ, ಕಂಡಕ್ಟರು ಸೀಟಿ ಊದಿದ. ಅತ್ತೆ ಕಿಟಕಿಯಿಂದ ಕೈ ಹೊರಚಾಚಿ ನನ್ನ ತಲೆ ಮುಟ್ಟಿದರು.

"ಬರೀ ಮೊಸರಲ್ಲಿ ಮುಗಿಸ್ಬೇಡ ಮಗಾ. ಸಾರು ಮಾಡ್ಕೊಂಡು ಉಣ್ಣು. ಹೋಗು, ಬಿಸಿಲಲ್ಲಿ ನಿಂತ್ಕೋಬೇಡ."

ಬಸ್ಸು ಹಿಂದಕ್ಕೆ ಬಂದು, ತಿರುಗಿ, ಗೇಟು ದಾಟಿ ಹೋಯಿತು. ನಾನು ಅಲ್ಲೇ ನಿಂತಿದ್ದೆ. ಮೊದಲು ಕೆಮ್ಮು ಬಂದ ಹಾಗಾಯಿತು. ಆಸ್ಪತ್ರೆಯಲ್ಲಿ ಬಾರದ್ದು, ಮಣ್ಣು ಹಾಕುವಾಗ ಬಾರದ್ದು, ಅಷ್ಟು ಜನ ಓಡಾಡುವ ಬಸ್ ಸ್ಟಾಂಡಿನಲ್ಲಿ ದನಿ ತೆಗೆದು ಬಂತು. ಕಂಬದ ಬುಡದಲ್ಲಿ ಗೋಣಿ ಹಾಸಿ ಸೀಬೆಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು ಗಾಬರಿಯಾಗಿ ಎದ್ದುಬಂದಳು.

"ಯಾಕಪ್ಪಾ, ಏನಾಯ್ತು? ಯಾರ್ ಹೋದ್ರು?"

"ನಮ್ಮತ್ತೆ."

"ಅಯ್ಯೋ ಶಿವನೇ. ತೀರ್ಕೊಂಡ್ರಾ?"

"ಇಲ್ಲ. ತುಮಕೂರಿಗೆ ಹೋದ್ರು. ಮಗನ ಮನೆಗೆ."

ಮುದುಕಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಕ್ಕುಬಿಟ್ಟಳು. "ಅತ್ತೆ ಊರಿಗೋದ್ರೆ ಅಳೋ ಅಳಿಯನ್ನ ಇವತ್ತೇ ಕಣಪ್ಪಾ ನಾನು ನೋಡಿದ್ದು!"

ನನಗೂ ನಗು ಬಂತು, ಆದರೆ ಅಳು ನಿಲ್ಲಲಿಲ್ಲ. ಅವಳು ನಗುವುದನ್ನು ಬಿಟ್ಟಳು. ಏನೂ ಕೇಳದೆ ಹಣ್ಣಿನ ಗುಡ್ಡೆಯನ್ನು ಒಂದು ಕಡೆಗೆ ಸರಿಸಿ ಗೋಣಿಯ ಮೇಲೆ ಜಾಗ ಮಾಡಿದಳು. ನಾನು ಅಲ್ಲಿ ಕೂತು ಮಂಜುಳಾಗಾಗಿ ಅಳತೊಡಗಿದೆ.